ಜ್ವರ ಬಂದಾಗ ಹೊಲಿಗೆ ಕ್ಲಾಸು

ನಮ್ಮ ಕಡೆಯ ಹಳ್ಳಿ ಹೆಂಗಸರಿಗೆ ಕೆಲಸವಿಲ್ಲ ಎಂಬ ಸಂಗತಿ ಸರ್ಕಾರಕ್ಕೆ ಗೊತ್ತಾದದ್ದು ಒಂದು ಸರ್ವೆಯಿಂದ. ಸರ್ವೆಯವರು ಮನೆ ಮನೆಗೂ ಹೋಗಿ, ‘ನೀನೇನು ಕೆಲಸ ಮಾಡ್ತೀಯಮ್ಮಾ?’ ಎಂದು ಕೇಳಿದರು. ಕೋಳಿ ಕೂಗುವ ಹೊತ್ತಿಗೆ ಎದ್ದು, ಸೊಪ್ಪು ಕೊಯ್ದು ತಂದು, ರೇಷ್ಮೆ ಹುಳಕ್ಕೆ ಹಾಕಿ, ಕೊಟ್ಟಿಗೆ ಗುಡಿಸಿ, ಹಾಲು ಕರೆದು ಡೈರಿಗೆ ಕೊಟ್ಟು, ಮುದ್ದೆ ತಿರುವಿಟ್ಟು, ಮತ್ತೆ ಸೊಪ್ಪಿಗೆ ಹೊರಟಿದ್ದವಳು ನಿಂತ ಕಾಲಿನಲ್ಲೇ, ‘ಕೆಲ್ಸ ಎಲ್ಲೈತೆ ಸಾ, ಸುಮ್ಕೆ ಮನೇಲಿವ್ನಿ’ ಎಂದಳು. ನಮ್ಮ ಕಡೆ ಕೆಲಸ ಎಂದರೆ ತಿಂಗಳಾದರೆ ಸಂಬಳ ಬರುವಂಥದ್ದು, ಅದರಲ್ಲೂ ಸರ್ಕಾರದ್ದು. ಮಿಕ್ಕದ್ದೆಲ್ಲ ಸುಮ್ಕೆ. ಸರ್ವೆಯವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು ಹೋದರು.

ಇಷ್ಟೊಂದು ಹೆಂಗಸರು ಕೈಕಟ್ಟಿ ಕೂತಿದ್ದಾರಲ್ಲ ಎಂದು ಬೆಂಗಳೂರಿನಲ್ಲಿ ಯೋಜನೆ ಹಾಕುವವರ ಕರುಳು ಚುರುಕ್ ಎಂದಿರಬೇಕು. ಅವರಿಗೆ ಒಂದು ಕಸುಬು ಕಲಿಸಬೇಕು ಎಂದಾಯಿತು. ಚನ್ನಪಟ್ಟಣದಲ್ಲಿ ಬೊಂಬೆ ಆಗಲೇ ಇದೆ, ಬೇಡ. ರೇಷ್ಮೆ ಆಗಲೇ ಇದೆ, ಅದೂ ಬೇಡ. ಉಳಿದದ್ದು ಹೊಲಿಗೆ. ಹೀಗೆ, ಕೆಲಸವಿಲ್ಲ ಎಂದು ಯಾರೂ ನನ್ನನ್ನು ಸರ್ವೆ ಮಾಡದಿದ್ದರೂ, ನನಗೊಂದು ಕೆಲಸ ಸಿಕ್ಕಿತು.

ಅದು ಎಂಬತ್ತರ ದಶಕ. ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ, ಏನೇ ಆಗಬೇಕಿದ್ದರೂ ಬೆಂಗಳೂರಿಗೇ ಓಡಬೇಕಿತ್ತು. ನನಗೆ ಇಪ್ಪತ್ತೊಂಬತ್ತು ತುಂಬಿತ್ತು. ಅಪ್ಪ ಅಮ್ಮ ಇರಲಿಲ್ಲ, ಚನ್ನಪಟ್ಟಣದಲ್ಲಿ ಅಣ್ಣನ ಮನೆಯಲ್ಲಿದ್ದೆ. ಎಸ್ಸೆಸ್ಸೆಲ್ಸಿ ಆಗಿ, ಟೈಲರಿಂಗ್ ಪರೀಕ್ಷೆ ಪಾಸು ಮಾಡಿ, ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಬರೆಸಿ, ಅದನ್ನು ತಪ್ಪದೆ ರಿನ್ಯೂ ಮಾಡಿಸುವುದೇ ನನ್ನ ಉದ್ಯೋಗವಾಗಿತ್ತು. ಅಣ್ಣ ಹೈಸ್ಕೂಲೊಂದರಲ್ಲಿ ಗುಮಾಸ್ತ. ಮಾತು ಕಡಿಮೆ. ಅತ್ತಿಗೆಯದು ಅದಕ್ಕಿಂತ ಕಡಿಮೆ. ಅತ್ತಿಗೆ ಕೆಟ್ಟವರಲ್ಲ; ಒಂದು ದಿನವೂ ದನಿ ಏರಿಸಿದವರಲ್ಲ. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಅವರು ನಾನು ಕುಡಿದಿಟ್ಟ ಕಾಫಿ ಲೋಟವನ್ನು ಎತ್ತಿಕೊಂಡು ಹೋಗಿ ತೊಳೆದು ಬೋರಲು ಹಾಕುತ್ತಿದ್ದರು. ಅದನ್ನು ಏನೆಂದು ತಿಳಿಯಬೇಕೋ ನನಗೆ ಗೊತ್ತಾಗುತ್ತಿರಲಿಲ್ಲ.

ಹೊಲಿಗೆ ಕೇಂದ್ರದ ಕೆಲಸ ಟೆಂಪರರಿ. ಸೇರುವ ಹಿಂದಿನ ದಿನ ಅಣ್ಣ ಊಟದ ಎಲೆಯ ಮುಂದೆ ವರ್ಷಕ್ಕಾಗುವಷ್ಟು ಮಾತಾಡಿದ. ‘ನೋಡು, ಈ ಕೆಲಸ ಕಾಯಂ ಆದ್ರೆ ನಿನ್ನ ದಾರಿ ನಿಂದು, ನಾನು ಅಡ್ಡ ಬರಲ್ಲ. ಆಗ್ಲಿಲ್ಲ ಅಂದ್ರೆ ಕನಕಪುರದೋರಿಗೆ ಹೂಂ ಅಂದ್ಬಿಡ್ತೀನಿ. ಎಷ್ಟು ದಿನ ಅಂತ ನಾನೂ ಜನಕ್ಕೆ ಉತ್ತರ ಕೊಡ್ಲಿ?’

ಕನಕಪುರದವರು ಎಂದರೆ ಗೊಬ್ಬರದ ಅಂಗಡಿ ಇಟ್ಟಿದ್ದ ಒಬ್ಬರು. ಹೆಂಡತಿ ತೀರಿಕೊಂಡಿದ್ದಳು, ಎರಡು ಮಕ್ಕಳು. ನನ್ನನ್ನು ನೋಡಲು ಬಂದ ದಿನ ಅವರು ನನ್ನನ್ನು ನೋಡಲಿಲ್ಲ. ಉಪ್ಪಿಟ್ಟಿನಲ್ಲಿದ್ದ ಕರಿಬೇವನ್ನು ಒಂದೊಂದೇ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದರು. ಹೊರಡುವಾಗ, ‘ಮಕ್ಕಳಿಗೆ ಒಂದು ದಿಕ್ಕಾದ್ರೆ ಸಾಕು’ ಎಂದರು. ಆ ಮನುಷ್ಯ ಒಳ್ಳೆಯವರೇ ಇರಬಹುದು, ನನಗೆ ಅವರ ಮೇಲೆ ಸಿಟ್ಟೇನೂ ಇಲ್ಲ. ಆದರೆ ಆ ಕರಿಬೇವಿನ ಸಾಲು ನೆನಪಾದಾಗೆಲ್ಲ ನನಗೆ ಈ ಕೆಲಸ ಹೇಗಾದರೂ ಕಾಯಂ ಆಗಲಪ್ಪಾ ಎನ್ನಿಸುತ್ತಿತ್ತು. ದೇವರ ಮುಂದೆ ನಿಂತರೂ ಅದೇ, ಬಸ್ಸಿನಲ್ಲಿ ಕೂತರೂ ಅದೇ.

ಬಸ್ಸಿನಲ್ಲಿ ಬೈರಾಪಟ್ಟಣ, ಅಲ್ಲಿಂದ ಕಾಲುದಾರಿಯಲ್ಲಿ ಇನ್ನೊಂದು ಸಣ್ಣ ಊರು. ಊರಿನವರೆಲ್ಲ ದೊಡ್ಡವ್ವ ಎಂದು ಕರೆಯುತ್ತಿದ್ದ ಹೆಂಗಸಿನ ಮನೆಯ ಮುಂಭಾಗವನ್ನು ಇಲಾಖೆ ಬಾಡಿಗೆಗೆ ಹಿಡಿದಿತ್ತು. ಮುಂಭಾಗದಲ್ಲಿ ಸರ್ಕಾರದ ಹೊಲಿಗೆ ಮಿಷನ್ನುಗಳು, ಹಿಂಭಾಗದಲ್ಲಿ ದೊಡ್ಡವ್ವನ ಹುಳ. ನಡುವೆ ಒಂದು ಬಾಗಿಲು. ದೊಡ್ಡವ್ವ ಗಂಡ ಸತ್ತ ಮೇಲೆ ಒಬ್ಬಳೇ ನಿಂತು ಹೊಲ ಮನೆ ಮಾಡಿದವಳು, ಬಾಯಿ ಮಾತ್ರ ಕೊಡಲಿ. ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಏನವ್ವಾ, ನೀನು ಹೊಲ್ದಿರೋ ರವಿಕೇನಾ ಇದು? ಎಡಗಡೆ ತೋಳು ಎತ್ಕಂಡೈತೆ’ ಎಂದಳು. ಎತ್ತಿಕೊಂಡಿತ್ತು, ನಿಜ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಬಂದಿದ್ದೆ, ಇನ್ನೇನಾಗುತ್ತದೆ?

ಮೊದಲ ಎರಡು ದಿನ ಕ್ಲಾಸು ತುಂಬಿ ತುಳುಕಿತು. ಹಳೇ ಪೇಪರನ್ನು ರವಿಕೆಯ ಆಕಾರಕ್ಕೆ ಕತ್ತರಿಸುವುದನ್ನು ಹೇಳಿಕೊಟ್ಟೆ. ದೊಡ್ಡವ್ವನ ಸೊಸೆ, ಗಂಡ ಬೆಂಗಳೂರಿನಲ್ಲಿ ದುಡಿಯುತ್ತಿದ್ದ ಹುಡುಗಿ, ಎಲ್ಲರಿಗಿಂತ ಚುರುಕು. ಆಮೇಲೆ ಒಂದು ಬೆಳಗ್ಗೆ ಹೋಗುತ್ತೇನೆ, ಒಂದು ನರಪಿಳ್ಳೆಯೂ ಇಲ್ಲ. ಒಂದು ದಿನವಲ್ಲ, ವಾರ. ನಾನು, ಮಿಷನ್ನುಗಳು, ಗೋಡೆಯ ಮೇಲೆ ಒಂದು ಹಲ್ಲಿ. ಹಿಂದಿನ ಕೋಣೆಯಿಂದ ಸಾವಿರಾರು ಹುಳ ಸೊಪ್ಪು ಮೇಯುವ ಸರಸರ ಸದ್ದು. ದೊಡ್ಡವ್ವನ ಸೊಸೆ ಸೊಪ್ಪಿನ ಮಂಕರಿ ಹೊತ್ತು ನನ್ನ ಮುಂದೆಯೇ ಒಳಗೆ ಹೋಗಿ ಹೊರಗೆ ಬರುತ್ತಿದ್ದಳು. ನಾನು ಕೇಳಿದೆ, ‘ಯಾಕಮ್ಮಾ, ನಿಮಗೆಲ್ಲ ಏನಾಯ್ತು?’

‘ಜ್ವರ ಬುಡ್ತಲ್ಲ ಮೇಡಮ್ಮೋರೆ, ಇನ್ನೆಲ್ಲಿ ಬರದು?’ ಎಂದಳು.

ಇದನ್ನು ಬಿಡಿಸಿ ಹೇಳಬೇಕು. ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಕಳಚುತ್ತದೆ. ಆ ಹೊತ್ತಿನಲ್ಲಿ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲುಗದೆ ಕೂತಿರುತ್ತದೆ. ಅದಕ್ಕೆ ನಮ್ಮವರು ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತರೆ ಮನೆಯವರಿಗೆ ಬಿಡುವು. ಸಂತೆ, ನೆಂಟರ ಮನೆ, ಕೂದಲಿಗೆ ಎಣ್ಣೆ, ಎಲ್ಲ ಆಗಲೇ. ಜ್ವರ ಎದ್ದವೋ, ಮತ್ತೆ ಸೊಪ್ಪು ಸೊಪ್ಪು ಸೊಪ್ಪು. ನಾಲ್ಕನೇ ಜ್ವರ ಎದ್ದ ಮೇಲಂತೂ ಆ ಊರಿನಲ್ಲಿ ಹೆಣ ಬಿದ್ದರೂ ಹೊರುವವರಿಲ್ಲ. ಊರೆಲ್ಲ ಒಟ್ಟಿಗೆ ಮೊಟ್ಟೆ ತಂದು ಒಟ್ಟಿಗೆ ಮೇಯಿಸುವುದರಿಂದ ಎಲ್ಲರ ಮನೆಗೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಜ್ವರ ಬರುತ್ತಿತ್ತು, ಒಂದೇ ಹೊತ್ತಿಗೆ ಬಿಡುತ್ತಿತ್ತು. ಹೀಗಾಗಿ ನನ್ನ ಕ್ಲಾಸಿಗೆ ಭಾನುವಾರ, ಸೋಮವಾರ ಎಂಬುದಿರಲಿಲ್ಲ. ಬೆಳಗ್ಗೆ ಬಸ್ಸಿಳಿದ ಕೂಡಲೇ ದಾರಿಯಲ್ಲಿ ಸಿಕ್ಕವರನ್ನು, ‘ಜ್ವರ ಬಂತಾ?’ ಎಂದು ಕೇಳುತ್ತಿದ್ದೆ. ‘ಬಂದೈತೆ’ ಎಂದರೆ ಚಾಕ್‌ಪೀಸು ಹೊರಗೆ ತೆಗೆಯುತ್ತಿದ್ದೆ.

ನನಗೂ ಅದು ಒಗ್ಗಿಹೋಯಿತು. ಹೆಂಗಸರು ಕಲಿಯುತ್ತಿದ್ದರು, ಅದೂ ಚೆನ್ನಾಗಿಯೇ ಕಲಿಯುತ್ತಿದ್ದರು. ಬಂದ ದಿನ ಹೊತ್ತು ಮುಳುಗಿದರೂ ಏಳುತ್ತಿರಲಿಲ್ಲ. ಕಾಜಾ ಹೊಲಿಯುತ್ತಾ ಊರಿನವರ ಸುದ್ದಿಯನ್ನೆಲ್ಲ ಬಿಚ್ಚುತ್ತಿದ್ದರು. ನನ್ನ ಕನಕಪುರದ ಕಥೆಯನ್ನೂ ಯಾವಾಗಲೋ ಬಾಯಿ ಬಿಡಿಸಿದ್ದರು. ಕರಿಬೇವಿನ ಭಾಗವನ್ನು ಎರಡೆರಡು ಸಲ ಹೇಳಿಸಿಕೊಂಡು ನಕ್ಕರು. ದೊಡ್ಡವ್ವ ಮಾತ್ರ ನಗಲಿಲ್ಲ. ‘ತಿನ್ನೋ ಅನ್ನದಲ್ಲಿ ಎಲೆ ಎಣಿಸೋನು ನಾಳೆ ನಿನ್ನ ತಲೆಕೂದ್ಲೂ ಎಣಿಸ್ತಾನೆ ಬುಡು’ ಎಂದಳು.

ಅಷ್ಟರಲ್ಲಿ ಬೆಂಗಳೂರಿನಿಂದ ಸುದ್ದಿ ಬಂತು. ಯಾವ ಯಾವ ಕೇಂದ್ರವನ್ನು ಕಾಯಂ ಮಾಡಬೇಕು, ಯಾವುದನ್ನು ಎತ್ತಬೇಕು ಎಂದು ತೀರ್ಮಾನಿಸಲು ಯೋಜನೆಯ ದೊಡ್ಡ ಸಾಹೇಬರೇ ನೋಡಲು ಬರುತ್ತಾರೆ. ನಮ್ಮದು ಉಳಿದರೆ ನಾನು ಉಳಿದೆ. ಮೊದಲು ಲೆಕ್ಕ ಹಾಕಿದ್ದೇ ಜ್ವರವನ್ನು. ಸಾಹೇಬರು ಬರುವ ದಿನಕ್ಕೆ ಸರಿಯಾಗಿ ನಾಲ್ಕನೇ ಜ್ವರ ಬೀಳುತ್ತಿತ್ತು. ಕೆಂಗಲ್ ಆಂಜನೇಯನಿಗೆ ಬಸ್ಸಿನಲ್ಲಿ ಕೂತಲ್ಲಿಂದಲೇ ಕೈ ಮುಗಿದೆ.

ಸಾಹೇಬರು ಉತ್ತರದ ಕಡೆಯವರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು, ಬಹಳ ಚೆನ್ನಾಗಿಯೇ ಕಲಿತಿದ್ದರು, ಅದೇ ತೊಂದರೆ. ತೆಳ್ಳಗೆ, ಕನ್ನಡಕ, ಮೃದು ಮಾತು. ಸಾಹೇಬರನ್ನೂ ಅವರ ಜೊತೆಯವರನ್ನೂ ನಮ್ಮ ಬಾಗಿಲಲ್ಲಿ ಇಳಿಸಿ, ನಮ್ಮ ಬಿಡಿಓ ಊಟದ ಏರ್ಪಾಡು ನೋಡಲು ಅತ್ತ ಓಡಿದರು. ಕ್ಲಾಸು ತುಂಬಿತ್ತು. ಸಾಹೇಬರು ಹಿಗ್ಗಿ ಹೀರೇಕಾಯಾದರು. ದೊಡ್ಡವ್ವನ ಸೊಸೆಯ ಹತ್ತಿರ ನಿಂತು, ‘ತಾವು ಪ್ರತಿದಿನ ತರಬೇತಿಗೆ ಬರುವಿರಾ?’ ಎಂದು ಕೇಳಿದರು.

ತನ್ನನ್ನು ಯಾರೋ ‘ತಾವು’ ಎಂದರಲ್ಲ ಎಂದು ಆ ಹುಡುಗಿ ಗಾಬರಿಯಾಗಿ ನಿಜ ಹೇಳಿಬಿಟ್ಟಳು. ‘ಇಲ್ಲ ಸಾ. ಜ್ವರ ಬಂದಾಗ ಬತ್ತೀವಿ.’

‘ಜ್ವರ ಬಂದಾಗಲೇ?’

‘ಊ ಸಾ. ಈಗ ಎಲ್ಲರ ಮನೇಲೂ ಜ್ವರ ಐತೆ, ಅದ್ಕೆ ಎಲ್ರೂ ಬಂದಿವಿ. ಜ್ವರ ಬುಟ್ರೆ ಒಬ್ರೂ ಬರಕ್ಕಾಗಲ್ಲ.’

ಸಾಹೇಬರು ಕನ್ನಡಕ ತೆಗೆದರು. ಸುತ್ತ ಕೂತ ಹೆಂಗಸರನ್ನು ನೋಡಿದರು. ಸೆಕೆಗೆ ಎಲ್ಲರ ಮುಖವೂ ಕೆಂಪಗಾಗಿ ಬೆವರುತ್ತಿತ್ತು. ‘ಎಷ್ಟು ಕಾಲದಿಂದ ಈ ಜ್ವರ?’ ಎಂದರು.

‘ಇದು ನಾಕನೇ ಜ್ವರ ಸಾ. ಇದೇ ಕೊನೇದು’ ಎಂದಳು ಸೊಸೆ.

ಕೊನೆಯದು ಎಂಬ ಮಾತು ಕೇಳಿ ಸಾಹೇಬರು ಹೌಹಾರಿ ಒಳಬಾಗಿಲ ಕಡೆ ಹೆಜ್ಜೆ ಇಟ್ಟರು. ದೊಡ್ಡವ್ವ ಅಡ್ಡ ಬಂದು ಬಾಗಿಲಿಗೆ ಕೈ ಚಾಚಿ ನಿಂತಳು. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಅದು ಎಲ್ಲ ಕಡೆಯ ಕಟ್ಟುನಿಟ್ಟು. ‘ಒಳೀಕೆ ಬ್ಯಾಡಿ ಸಾ. ಜ್ವರಕ್ಕೆ ಮಲಗವೆ’ ಎಂದಳು.

‘ಎಷ್ಟು ಮಂದಿ?’

‘ಲೆಕ್ಕ ಇಕ್ಕಕ್ಕಾಗುತ್ತಾ ಸಾ?’

‘ಮಕ್ಕಳೇ?’

‘ಮಕ್ಕಳು ಅಂತ್ಲೇ ಅನ್ಕಳಿ. ಮಕ್ಕಳಿಗಿಂತ ಒಂದು ಕೈ ಮೇಲಾಗೇ ನೋಡ್ಕತೀವಿ.’

ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ, ‘ಸಾರ್, ಜ್ವರ ಇವರಿಗಲ್ಲ, ಹುಳಕ್ಕೆ’ ಎಂದೆ. ಅದರಿಂದ ಕೆಟ್ಟದ್ದು ಇನ್ನಷ್ಟು ಕೆಟ್ಟಿತು. ಸಾಹೇಬರು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ‘ಓ, ಹುಳುಬಾಧೆ’ ಎಂದರು. ‘ಎಲ್ಲರಿಗೂ ಹುಳುಗಳಿವೆಯೇ?’

‘ಹುಳ ಇಲ್ದಿರೋ ಮನೆ ಯಾವ್ದೈತೆ ಸಾ ಈ ಊರಲ್ಲಿ?’ ಎಂದಳು ದೊಡ್ಡವ್ವ ಹೆಮ್ಮೆಯಿಂದ.

‘ಔಷಧಿ ಕೊಡಲಿಲ್ಲವೇ?’

‘ಔಸ್ದಿನಾ!’ ದೊಡ್ಡವ್ವ ಎದೆ ಮುಟ್ಟಿಕೊಂಡಳು. ‘ಔಸ್ದಿ ಗಾಳಿ ಬೀಸುದ್ರೂ ಎಲ್ಲಾ ಸತ್ತೋಯ್ತವೆ ಸಾ!’

ನಾನು, ‘ಸಾರ್, ಅದು ರೇಷ್ಮೆ...’ ಎಂದೆ. ಸಾಹೇಬರು ಬಹಳ ಮೃದುವಾಗಿ ಕೈ ಎತ್ತಿ ನನ್ನನ್ನು ತಡೆದರು. ‘ರೇಷ್ಮೆಯ ವಿಷಯ ಇಲ್ಲಿ ಬೇಡಮ್ಮ. ಅದು ಬೇರೆ ಇಲಾಖೆ.’

ಆಮೇಲೆ ಒದ್ದೆಯಾದ ಕನ್ನಡಕ ಒರೆಸಿಕೊಳ್ಳುತ್ತಾ ಇಂಗ್ಲಿಷಿನಲ್ಲಿ ಜೊತೆಯವರಿಗೆ ಏನೇನೋ ಹೇಳಿದರು. ಜ್ವರದಲ್ಲಿ ಬೇಯುತ್ತಾ, ಮನೆಯಲ್ಲಿ ಮಕ್ಕಳನ್ನು ಮಲಗಿಸಿ ಬಂದು ಕಸುಬು ಕಲಿಯುತ್ತಿರುವ ಇಂಥ ಹೆಣ್ಣುಮಕ್ಕಳನ್ನು ತಾವು ಎಲ್ಲಿಯೂ ಕಂಡಿಲ್ಲ ಎಂಬಷ್ಟು ನನಗೆ ಅರ್ಥವಾಯಿತು. ನನ್ನ ಕಡೆ ತಿರುಗಿ, ‘ಈ ಕೇಂದ್ರ ಕಾಯಂ ಆಗಲೇಬೇಕು. ನಾನೇ ಬರೆಯುತ್ತೇನೆ’ ಎಂದರು. ಊಟದ ಏರ್ಪಾಡು ಮುಗಿಸಿ ಬಂದ ಬಿಡಿಓಗೆ ನಾನು ವಿಷಯ ಹೇಳಿದೆ. ಅವರು ಚನ್ನಪಟ್ಟಣದ ಪಕ್ಕದವರೇ, ಜ್ವರ ಏನೆಂದು ಅವರಿಗೆ ಗೊತ್ತಿಲ್ಲವೇ? ‘ಸುಮ್ನಿರಮ್ಮ ತಾಯಿ’ ಎಂದರು. ‘ದೊಡ್ಡೋರು ಜ್ವರ ಅಂದ್ರೆ ಜ್ವರ. ನಿಂಗೆ ಕಾಯಂ ಆಗುತ್ತೆ, ನಂಗೆ ಒಳ್ಳೇ ಹೆಸ್ರು ಬರುತ್ತೆ. ಯಾರಿಗೇನು ನಷ್ಟ?’

ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಹೇಳುವುದನ್ನು ಹೇಳಿದ್ದೆ, ಕೇಳದವರು ಅವರು. ಅವತ್ತು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಮಲ್ಲಿಗೆ ಕೊಂಡು ಹೋಗಿ ಅತ್ತಿಗೆಗೆ ಕೊಟ್ಟೆ. ‘ಕಾಯಂ ಆಗುತ್ತಂತೆ’ ಎಂದೆ. ಅತ್ತಿಗೆ ಒಂದು ಗಳಿಗೆ ನನ್ನ ಮುಖ ನೋಡಿ, ‘ಆಗ್ಲಿ’ ಎಂದು ಹೂವನ್ನು ದೇವರಿಗೆ ಮುಡಿಸಿದರು.

ಕೆಲವು ದಿನ ಕಳೆಯಿತು. ನಾಲ್ಕನೇ ಜ್ವರ ಎದ್ದು ಹುಳ ಬೆರಳು ಗಾತ್ರ ಆಗಿದ್ದವು. ಎಂದಿನಂತೆ ನಾನು ಮಿಷನ್ನುಗಳ ಜೊತೆ ಒಬ್ಬಳೇ ಕೂತಿದ್ದೆ. ಬೀದಿಯಲ್ಲಿ ಜೀಪಿನ ಸದ್ದಾಯಿತು. ಬೆನ್ನಿಗೆ ಪಂಪು ಕಟ್ಟಿಕೊಂಡ ನಾಲ್ವರು ಇಳಿದರು. ನಮ್ಮ ಕಡೆ ಅವರನ್ನು ಮಲೇರಿಯಾದವರು ಎನ್ನುತ್ತಾರೆ. ಯಾವುದೇ ಊರಿನಲ್ಲಿ ಜ್ವರ ಎಂದು ಮೇಲಿನಿಂದ ಆರ್ಡರ್ ಬಂದರೆ ಮನೆ ಮನೆಗೂ ಡಿಡಿಟಿ ಹೊಡೆಯುವುದು ಅವರ ಕೆಲಸ. ಸಾಹೇಬರು ಮಾತು ಉಳಿಸಿಕೊಂಡಿದ್ದರು, ಬರೆಯುವುದನ್ನೆಲ್ಲ ಬರೆದಿದ್ದರು.

ಹುಳ ಮೇಯುತ್ತಿರುವ ಮನೆಗೆ ಡಿಡಿಟಿ! ಊರಿಗೆ ಊರೇ ಬೀದಿಗೆ ಬಂತು. ಸೊಪ್ಪು ಕೊಯ್ಯುವ ಕುಡುಗೋಲು ಹಿಡಿದುಕೊಂಡೇ ಓಡಿ ಬಂದಿದ್ದರು. ದೊಡ್ಡವ್ವ ತನ್ನ ಬಾಗಿಲಿಗೆ ಅಡ್ಡ ಕೂತು, ‘ಮೊದ್ಲು ನನ್ ಮೇಲೆ ಹೊಡೀರ್ಲಾ ಬಾಡ್ಕೋವುಗಳಾ’ ಎಂದು ಕಿರುಚಿದಳು. ಅವರಲ್ಲಿ ಹಿರಿಯನಾದವನು ಪಂಪನ್ನು ಇಳಿಸಿ, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. ‘ಯಾಕವ್ವಾ ಬೈತೀಯ? ನಂಗೊತ್ತಿಲ್ವಾ? ನಮ್ಮನೇಲೂ ಹುಳ ಐತೆ. ಅವೂ ನಾಕ್ನೇ ಜ್ವರ ಎದ್ದು ಇವತ್ತು ದೊಡ್ಡ ಊಟ, ಎಷ್ಟು ಸೊಪ್ಪು ಹಾಕುದ್ರೂ ಸಾಲ್ದು, ಹೆಂಡ್ರು ಒಬ್ಳೇ ಒದ್ದಾಡ್ತಾವ್ಳೆ. ಆದ್ರೆ ಆರ್ಡ್ರು ಐತಲ್ಲ? ಹೊಡೀದೆ ವಾಪಸ್ ಓದ್ರೆ ನನ್ ಕೆಲ್ಸ ಓಯ್ತದೆ.’

‘ಹಂಗಾದ್ರೆ ಏನ್ಲಾ ಮಾಡನ?’

‘ಇಲ್ಲಿ ಜ್ವರ ಇಲ್ಲ ಅಂತ ಗೌರ್ಮೆಂಟ್‌ನೋರು ಯಾರಾರಾ ಬರ್ದು ಸೈನ್ ಮಾಡ್ಕೊಟ್ರೆ ನಾ ಹಿಂದುಕ್ಕೆ ತಿರುಗ್ತೀನಿ.’

ಆ ಊರಿನಲ್ಲಿ ಗೌರ್ಮೆಂಟಿನವಳು ಎಂದರೆ ನಾನೊಬ್ಬಳೇ. ಎಲ್ಲರೂ ನನ್ನ ಕಡೆ ತಿರುಗಿದರು.

ನನಗೆ ಅವರಿಗಿಂತ ಸ್ವಲ್ಪ ಮೊದಲೇ ಗೊತ್ತಾಗಿತ್ತು. ಜ್ವರ ಇಲ್ಲ ಎಂದು ಬರೆದರೆ, ಜ್ವರದಲ್ಲೂ ಬಂದ ಹೆಂಗಸರು ಎಲ್ಲಿ? ಜ್ವರವೇ ಇಲ್ಲದಿದ್ದರೆ ಹಾಜರಿ ಪುಸ್ತಕದಲ್ಲಿ ಮಿಕ್ಕ ದಿನವೆಲ್ಲ ಖಾಲಿ ಏಕೆ? ಸಾಹೇಬರ ಕನ್ನಡಕ ಒದ್ದೆಯಾದದ್ದೇ ನನ್ನ ಕೆಲಸದ ಬುಡ; ಅದನ್ನು ನಾನೇ ಕೈಯಾರೆ ಕಿತ್ತು ಕೊಡಬೇಕು. ಪೆನ್ನು ಹಿಡಿದುಕೊಂಡು ನಿಂತೆ. ಆ ಹಾಳು ಸರ್ವೆಯವರ ಮೇಲೆ, ಸಾಹೇಬರ ಮೇಲೆ, ಪಕ್ಕದಲ್ಲೇ ಹುಟ್ಟಿ ಬಾಯಿ ಮುಚ್ಚಿಕೊಂಡ ಬಿಡಿಓ ಮೇಲೆ ಎಲ್ಲಿಲ್ಲದ ಕೋಪ ಬಂತು. ಒಳಗಿನಿಂದ ಹುಳ ಮೇಯುವ ಸದ್ದು ಬರುತ್ತಲೇ ಇತ್ತು. ಅವಕ್ಕೇನು ಗೊತ್ತು.

ದೊಡ್ಡವ್ವ ಬೇಡಿಕೊಳ್ಳಲಿಲ್ಲ. ಬೇಡುವ ಜಾತಿಯೇ ಅಲ್ಲ ಅದು. ‘ನಿಂಗೇನಾರಾ ತೊಂದ್ರೆ ಆಯ್ತದಾ ಮೇಡಮ್ಮ?’ ಎಂದು ಕೇಳಿದಳು.

‘ಏನಿಲ್ಲ ದೊಡ್ಡವ್ವ’ ಎಂದು ಮಿಷನ್ನಿನ ಮೇಲೆಯೇ ಕಾಗದ ಇಟ್ಟು ಬರೆದೆ.

ಮಲೇರಿಯಾದವನು ಭುಜದ ಮೇಲಿಂದ ಇಣುಕಿ, ‘ಹಿಂದೇನೂ ಇರ್ಲಿಲ್ಲ ಅಂತ ಸೇರ್ಸಿ ಮೇಡಮ್. ಇಲ್ದಿದ್ರೆ ಹಿಂದಿನ ಜ್ವರುಕ್ಕೆ ಬಂದು ಹೊಡೀಬೇಕಾಯ್ತದೆ’ ಎಂದ. ಅದನ್ನೂ ಸೇರಿಸಿದೆ. ಜೀಪು ಹೋಯಿತು. ಹೆಂಗಸರು ಕುಡುಗೋಲು ಹಿಡಿದು ಸೊಪ್ಪಿಗೆ ಓಡಿದರು. ದೊಡ್ಡವ್ವನ ಸೊಸೆ ಮಾತ್ರ ನನ್ನನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದಳು. ಏಳನೇ ಕ್ಲಾಸಿನವರೆಗೆ ಓದಿದ ಹುಡುಗಿ, ಅವಳಿಗೆ ಅರ್ಥವಾಗಿತ್ತು.

ಮುಂದಿನ ಬೆಳೆಯ ಹೊತ್ತಿಗೆ ಆರ್ಡರ್ ಬಂತು. ಅದರ ಕನ್ನಡ ನನಗೆ ಇನ್ನೂ ಬಾಯಿಪಾಠ. ‘ಯಾವುದೇ ಜ್ವರ ಇಲ್ಲದಿದ್ದಾಗ್ಯೂ ತರಬೇತಿಗೆ ಗೈರುಹಾಜರಾಗಿರುವುದರಿಂದ, ಸದರಿ ಗ್ರಾಮದ ಮಹಿಳೆಯರಿಗೆ ಯಾವುದೇ ಕೆಲಸದಲ್ಲಿ ಆಸಕ್ತಿ ಇರುವುದಿಲ್ಲವೆಂದು ಕಂಡುಬಂದಿದೆ.’ ಕೇಂದ್ರವನ್ನು ಮಾಗಡಿ ತಾಲ್ಲೂಕಿಗೆ ಎತ್ತಲಾಯಿತು. ನನ್ನ ಕೆಲಸ ಟೆಂಪರರಿಯಾದ್ದರಿಂದ ಅದನ್ನು ಎತ್ತುವ ಅಗತ್ಯವಿರಲಿಲ್ಲ, ಇದ್ದಲ್ಲೇ ಮುಗಿಯಿತು. ಬಿಡಿಓ ನನ್ನನ್ನು ಕೂರಿಸಿ ಕಾಫಿ ಕೊಡಿಸಿದರು. ‘ಒಸಿ ಜ್ವರ ಇಟ್ಕೊಂಡಿದ್ರೆ ಉಳೀತಿತ್ತು ಕಣಮ್ಮ’ ಎಂದರು.

ಮಿಷನ್ನುಗಳನ್ನು ಒಯ್ಯಲು ಲಾರಿ ಬಂದ ದಿನ ನಾಲ್ಕನೇ ಜ್ವರ ಎದ್ದು ಎರಡನೆಯ ದಿನ. ಯಾರೂ ಮನೆ ಬಿಟ್ಟು ಹೊರಡುವ ದಿನವಲ್ಲ. ಅಷ್ಟೂ ಹೆಂಗಸರು ಬಂದಿದ್ದರು. ಮಿಷನ್ನುಗಳನ್ನು ಲಾರಿಗೆ ಹೊತ್ತವರೂ ಅವರೇ, ಡ್ರೈವರನನ್ನು ಬೈದವರೂ ಅವರೇ. ನನ್ನನ್ನು ಕರೆದುಕೊಂಡು ಹೋಗಲು ಅಣ್ಣ ಬಂದಿದ್ದ. ಖಾಲಿ ಕೋಣೆಯಲ್ಲಿ, ಗೋಡೆಗೆ ಒರಗಿ ನಿಂತು, ‘ಭಾನುವಾರ ಕನಕಪುರದೋರು ಮಾತಿಗೆ ಬರ್ತಾರೆ’ ಎಂದ. ಗಟ್ಟಿಯಾಗಿ ಹೇಳಲಿಲ್ಲ. ನಾನು ತಲೆ ತಗ್ಗಿಸಿ ಟೇಪು ಸುತ್ತುತ್ತಿದ್ದೆ. ಮಾತಾಗಿತ್ತಲ್ಲ.

ದೊಡ್ಡವ್ವ ಒಳಗಿನಿಂದ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅಣ್ಣನನ್ನು ಮೇಲಿಂದ ಕೆಳಗೆ ನೋಡಿದಳು. ‘ಏನಪ್ಪಾ, ಕರ್ಕಂಡೋಗಕ್ಕೆ ಬಂದ್ಯಾ? ಈ ಮನೆ ಮುಂದ್ಲು ಕೋಣೆ ಖಾಲಿ ಬಿದ್ದೈತೆ. ನಮ್ಮೂರೋರು ರವಿಕೆ ಹೊಲ್ಸಕ್ಕೆ ಚೆನ್ನಪಟ್ಣಕ್ಕೋಗಿ ಕಾಯ್ಕಂಡು ಕೂತ್ಕೋತೀವಿ. ಇವ್ಳು ಇಲ್ಲೇ ಇರ್ಲಿ. ಹೊಲೀಲಿ, ಉಣ್ಲಿ. ನನ್ನ ಸೊಸೆ ಜೊತೇಲಿ ಮಲೀಕತಾಳೆ. ಕಣ್ಣಿಟ್ಟು ನೋಡೋ ಗಂಡಸು ಈ ಬೀದೀಲಿ ಯಾವನೂ ಇಲ್ಲ. ಇದ್ರೆ ನಾನವ್ನಿ.’

‘ಅಲ್ಲವ್ವ, ಸರ್ಕಾರದ ಕೆಲಸ ಇದ್ದಿದ್ರೆ ಬೇರೆ ಮಾತು’ ಎಂದ ಅಣ್ಣ. ‘ಕಾಯಂ ಆದ್ರೆ ಅಂತ ಮಾತಾಗಿತ್ತು.’

‘ನಾನೇನು ಟೆಂಪ್ರವರಿನಾ?’ ಎಂದಳು ದೊಡ್ಡವ್ವ.

ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರು. ಯಾರೂ ನಗಲಿಲ್ಲ. ಆ ಊರಿನವರು ನನ್ನ ನೆಂಟರಲ್ಲ, ಇಷ್ಟರಲ್ಲ. ಎಡತೋಳು ಸರಿಯಿಲ್ಲ ಎಂದು ಮೊದಲ ದಿನವೇ ಹೇಳಿದವರು. ಅಣ್ಣ ನನ್ನನ್ನು ನೋಡಿದ. ‘ಹೇಳು, ಕನಕಪುರದೋರಿಗೆ ಏನನ್ನಲಿ?’

‘ಬರ್ಲಿ ಬಿಡು ಅಣ್ಣ’ ಎಂದೆ. ‘ಹೊಲಿಸೋದಿದ್ರೆ ಬಟ್ಟೆ ತಗೊಂಡು ಬರಕ್ಕೆ ಹೇಳು.’

ಅಣ್ಣ ಗೋಡೆ ಬಿಟ್ಟು ನೆಟ್ಟಗಾದ. ಕೊಡೆ ಎತ್ತಿಕೊಂಡು ಬಸ್ಸಿನ ಕಡೆ ನಡೆದ. ಅವನು ತಿರುವು ದಾಟುವವರೆಗೂ ಗಟ್ಟಿಯಾಗಿ ನಿಂತಿದ್ದು, ಆಮೇಲೆ ಒಳಗೆ ಹೋಗಿ ಕೂತು ಅತ್ತೆ. ಮಾತೇನೋ ಆಡಿಬಿಟ್ಟಿದ್ದೆ. ಹೊಲಿಯುವುದು ಯಾತರಲ್ಲಿ? ಮಿಷನ್ನುಗಳು ಮಾಗಡಿಯ ದಾರಿಯಲ್ಲಿದ್ದವು. ನನ್ನದೆಂದು ಇದ್ದದ್ದು ಒಂದು ಕತ್ತರಿ, ಒಂದು ಟೇಪು.

ಮೂರನೆಯ ದಿನ ಬೆಳಗ್ಗೆ ದೊಡ್ಡವ್ವನ ಸೊಸೆ ಓಡಿ ಬಂದು, ‘ಯಾರೋ ನಿಮ್ಮ ಕಡೆಯೋರು ಬತ್ತಾವ್ರೆ’ ಎಂದಳು. ಹೊರಗೆ ಬಂದು ನೋಡಿದೆ. ಕಾಲುದಾರಿಯಲ್ಲಿ ಅತ್ತಿಗೆ. ಹಿಂದೆ, ತಲೆಯ ಮೇಲೆ ಹೊಲಿಗೆ ಮಿಷನ್ನು ಹೊತ್ತ ಒಬ್ಬ ಆಳು. ಅತ್ತಿಗೆ ಒಬ್ಬರೇ ಬಸ್ಸು ಹತ್ತಿದ್ದನ್ನು ನಾನು ಕಂಡೇ ಇರಲಿಲ್ಲ. ತವರಿಗೆ ಹೋಗುವುದಾದರೂ ಅಣ್ಣನೇ ಬಿಟ್ಟು ಬರುತ್ತಿದ್ದ.

ಮಿಷನ್ನನ್ನು ಕಿಟಕಿಯ ಹತ್ತಿರ ಇಳಿಸಿದರು. ಆಳು ಹೋದ. ಅತ್ತಿಗೆ ಸೆರಗಿನಲ್ಲಿ ಅದರ ಧೂಳು ಒರೆಸುತ್ತಾ, ‘ನಮ್ಮಪ್ಪ ಮದುವೇಲಿ ಕೊಟ್ಟಿದ್ದು. ಅಟ್ಟದ ಮೇಲಿತ್ತು’ ಎಂದರು.

‘ಅಣ್ಣನಿಗೆ ಗೊತ್ತಾ?’

‘ಹೇಳಿ ಬಂದೆ. ಕೇಳಿ ಬರಲಿಲ್ಲ.’

ನಾನು ನೀರು ತಂದುಕೊಟ್ಟೆ. ಅತ್ತಿಗೆ ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದುಕೊಂಡು, ಆ ಖಾಲಿ ಕೋಣೆಯ ಗೋಡೆಗಳನ್ನು ಒಂದೊಂದಾಗಿ ನೋಡಿದರು. ‘ನೀನು ಕನಕಪುರದೋರಿಗೆ ಹೇಳಿದ ಮಾತನ್ನ ನಿಮ್ಮಣ್ಣ ಬಂದು ಹೇಳಿದ್ರು’ ಎಂದರು. ‘ಅವರಿಗೆ ಬೇಜಾರಾಗಿದೆ. ನಂಗೆ ಒಳಗೊಳಗೇ ಸಂತೋಷ ಆಯ್ತು. ನಂಗೆ ಆಗ ಮಾತೇ ಬರ್ಲಿಲ್ಲ.’

‘ಯಾವಾಗ?’

‘ನಿಮ್ಮಣ್ಣ ನೋಡಕ್ಕೆ ಬಂದಾಗ.’ ಅತ್ತಿಗೆ ಎಂದಿನ ದನಿಯಲ್ಲೇ, ಸಾರಿಗೆ ಉಪ್ಪು ಸಾಕಾ ಎಂದು ಕೇಳುವ ಹಾಗೆ ಹೇಳಿದರು. ‘ನಿಮ್ಮಣ್ಣ ಒಳ್ಳೇವರೇ, ಅದಲ್ಲ. ನಂಗೆ ಟೀಚರ್ ಟ್ರೈನಿಂಗಿಗೆ ಸೀಟು ಬಂದಿತ್ತು. ಸರ್ಕಾರದ್ದೇ. ಹಾಸ್ಟೆಲ್ಲೂ ಕೊಟ್ಟಿದ್ರು. ಟ್ರಂಕಿಗೆ ಬಟ್ಟೆ ತುಂಬಿದ್ದೆ. ಅದೇ ಟ್ರಂಕು ತಗೊಂಡೇ ನಿಮ್ಮನೆಗೆ ಬಂದಿದ್ದು.’

ಒಂದೇ ಅಡುಗೆಮನೆಯಲ್ಲಿ ಅಷ್ಟು ವರ್ಷ ಇದ್ದೆವು. ಆ ಟ್ರಂಕಿನ ಕಥೆ ನಾನು ಕೇಳಿಯೇ ಇರಲಿಲ್ಲ. ಅತ್ತಿಗೆ ಲೋಟ ಕೆಳಗಿಟ್ಟು, ಸ್ಟೂಲು ಎಳೆದುಕೊಂಡು ಮಿಷನ್ನಿನ ಮುಂದೆ ಕೂತರು. ದಾರ ಪೋಣಿಸಿದರು. ‘ಯಾವುದಾದ್ರೂ ಒಂದು ಬಟ್ಟೆ ಕೊಡು. ಓಡುತ್ತಾ ನೋಡೋಣ’ ಎಂದರು.

ದೊಡ್ಡವ್ವನ ಸೊಸೆ ಕತ್ತರಿಸಿಟ್ಟಿದ್ದ ಒಂದು ರವಿಕೆ ಕೊಟ್ಟೆ. ಮೊದಲು ಮಿಷನ್ನು ಮುಗ್ಗರಿಸಿತು, ದಾರ ಹರಿಯಿತು. ಅತ್ತಿಗೆ ಮತ್ತೆ ಪೋಣಿಸಿದರು. ಆಮೇಲೆ ಓಡಿತು. ತೋಳು, ಕುತ್ತಿಗೆ, ಬೆನ್ನು, ಒಂದಾದ ಮೇಲೊಂದು. ‘ಅತ್ತಿಗೆ, ಮಧ್ಯಾಹ್ನದ ಬಸ್ಸಿಗೆ ಹೊತ್ತಾಯ್ತು’ ಎಂದೆ. ಹೂಂ ಎಂದರು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅತ್ತಿಗೆ ಮಿಷನ್ನಿನ ಮುಂದಿನಿಂದ ಏಳಲಿಲ್ಲ.